ಇಳಕಲ್ ದಾರಿಯ ಅದುರು

ಮಲೆನಾಡಿನ ರಸ್ತೆ ಇಂಜಿನ್ನನ್ನು ಒಂದೇ ವೇಗದಲ್ಲಿ ಇರಗೊಡುವುದಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೋ ಕೊಪ್ಪದ ಕಡೆಗೋ ಹೊರಟರೆ ಫರ್ಲಾಂಗಿಗೊಂದು ತಿರುವು, ತಿರುವಿನಾಚೆ ಏರು, ಏರಿನ ತುದಿಯಲ್ಲಿ ಅಡಿಕೆ ಮೂಟೆ ಹೇರಿದ ಜೀಪೋ ಮೇವಿಗೆ ಹೊರಟ ದನವೋ ಎದುರಾಗುತ್ತದೆ. ಗೇರು ಬದಲಾಗುತ್ತಲೇ ಇರುತ್ತದೆ, ಹ್ಯಾಂಡಲ್ ಹಿಡಿದ ಕೈ ಬಿಗಿಯಾಗುತ್ತ ಸಡಿಲಾಗುತ್ತ ಸಾಗುತ್ತದೆ. ನನ್ನ ಹಳೆಯ ಥಂಡರ್‌ಬರ್ಡ್ ವರ್ಷಗಟ್ಟಲೆ ಓಡಿದ್ದು ಇಂಥ ದಾರಿಗಳಲ್ಲೇ. ಅದು ಅದುರುವ ಗಾಡಿ ಎಂದು ಗೊತ್ತಿತ್ತು. ಆ ಅದುರು ಮನುಷ್ಯನ ಮೈಯೊಳಗೆ ಎಷ್ಟು ದೂರ ಇಳಿಯಬಲ್ಲದು ಎಂದು ಗೊತ್ತಾದದ್ದು ಮಾತ್ರ ಚಿತ್ರದುರ್ಗದಿಂದ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಜನವರಿಯ ಚಳಿಯಲ್ಲಿ. ಗೋಳಗುಮ್ಮಟ ನೋಡುವ ಬಹುದಿನದ ಆಸೆಯಿಂದ ಹೊರಟ ಪ್ರಯಾಣವದು. ಮರಳಿ ಬಂದ ಮೇಲೆ ಗುಮ್ಮಟಕ್ಕಿಂತ ಹೆಚ್ಚು ಕಾಡುತ್ತಿರುವುದು ಆ ದಾರಿಯಲ್ಲಿ ಕಂಡ ಕೆಲವರ ಕೈಗಳು.

ಗಾಡಿಯ ವಿಷಯ ಸ್ವಲ್ಪ ಹೇಳಬೇಕು. ರಾಯಲ್ ಎನ್‌ಫೀಲ್ಡ್ 2000ರ ದಶಕದ ಆರಂಭದಲ್ಲಿ ಹೊರತಂದ ಕ್ರೂಸರ್ ಇದು. ಎತ್ತರದ ಅಗಲ ಹ್ಯಾಂಡಲ್, ತಗ್ಗು ಸೀಟು, ಬೆನ್ನು ನೆಟ್ಟಗಿಟ್ಟು ಕೂತು ದೂರ ಹೋಗಲೆಂದೇ ಮಾಡಿದ ಭಂಗಿ. ಇಂಜಿನ್ ಆಸ್ಟ್ರಿಯಾದ ಎವಿಎಲ್ ಸಂಸ್ಥೆಯ ನೆರವಿನಿಂದ ರೂಪುಗೊಂಡದ್ದು. 346 ಸಿಸಿ, ಒಂದೇ ಸಿಲಿಂಡರ್. 70 ಮಿಲಿಮೀಟರ್ ಅಗಲದ ಪಿಸ್ಟನ್ 90 ಮಿಲಿಮೀಟರ್ ಮೇಲೆ ಕೆಳಗೆ ಓಡಾಡುತ್ತದೆ. ಹಳೆಯ ಬುಲೆಟ್ಟಿನದೂ ಇದೇ ಅಳತೆ. ಅಂಥ ಉದ್ದ ಓಟದ ಪಿಸ್ಟನ್ ನಿಧಾನಕ್ಕೆ ನಡೆದಾಗ ಏರು ಹತ್ತುವ ಬಲ ಕೊಡುತ್ತದೆ, ಘಟ್ಟದಲ್ಲಿ ಅದಕ್ಕಿಂತ ನೆಮ್ಮದಿಯ ಗಾಡಿ ನನಗೆ ಸಿಕ್ಕಿಲ್ಲ. ಘಟ್ಟದಲ್ಲಿ ಯಾರೂ ಅದನ್ನು ಗಂಟೆಗಟ್ಟಲೆ ಎಂಬತ್ತರಲ್ಲಿ ಓಡಿಸುವುದಿಲ್ಲ.

ಚಿತ್ರದುರ್ಗದ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವು ಹಿಂದೆ ಸರಿದ ಮೇಲೆ ರಸ್ತೆ ನೆಟ್ಟಗಾಯಿತು. ನಮ್ಮಲ್ಲಿ ಆಕಾಶ ಮರಗಳ ನಡುವೆ ತುಂಡು ತುಂಡಾಗಿ ಸಿಗುತ್ತದೆ. ಇಲ್ಲಿ ನಾಲ್ಕೂ ದಿಕ್ಕಿಗೆ ಇಡಿಯಾಗಿ ಬಿದ್ದುಕೊಂಡಿತ್ತು. ಕೆಳಗೆ ಜೋಳ, ತೊಗರಿ, ಕಡಲೆ. ಎದುರು ಬದಿಯ ವಾಹನಕ್ಕೆ ಬೇರೆ ದಾರಿ, ತಿರುವಿಲ್ಲ, ದನವಿಲ್ಲ. ಕೈ ತಾನಾಗಿ ಎಂಬತ್ತಕ್ಕೆ ಹೋಗಿ ಅಲ್ಲೇ ನಿಂತಿತು.

ಅರವತ್ತೈದರಲ್ಲಿ ಈ ಇಂಜಿನ್ನಿನ ಬಡಿತ ಒಂದೊಂದಾಗಿ ತಿಳಿಯುತ್ತದೆ. ಎಂಬತ್ತರಲ್ಲಿ ಬಡಿತಗಳೆಲ್ಲ ಕೂಡಿಕೊಂಡು ಝೇಂಕಾರವಾಗುತ್ತವೆ, ಆ ಝೇಂಕಾರ ಹ್ಯಾಂಡಲ್ಲಿಗೆ ಇಳಿಯುತ್ತದೆ. ಮೊದಲು ಕನ್ನಡಿ ಕೈಕೊಟ್ಟಿತು. ಹಿಂದೆ ಬರುತ್ತಿದ್ದ ಲಾರಿ ಬರೀ ಬಣ್ಣದ ಕಲೆಯಾಯಿತು. ಆಮೇಲೆ ಅಂಗಾಲು ಸುಡತೊಡಗಿತು. ಕೊನೆಗೆ ಕಿರುಬೆರಳು, ಉಂಗುರದ ಬೆರಳುಗಳಲ್ಲಿ ಜೋಮು ಶುರುವಾಗಿ ಮಣಿಕಟ್ಟಿನವರೆಗೆ ಏರಿತು. ಹೊಸಪೇಟೆ ಬರುವ ಹೊತ್ತಿಗೆ ಕ್ಲಚ್ ಹಿಡಿದಿದ್ದೇನೋ ಬಿಟ್ಟಿದ್ದೇನೋ ಕಣ್ಣಿನಿಂದ ನೋಡಿಯೇ ಖಾತ್ರಿ ಮಾಡಿಕೊಳ್ಳಬೇಕಾಯಿತು.

ತುಂಗಭದ್ರಾ ಅಣೆಕಟ್ಟಿನ ಹತ್ತಿರ ಗಾಡಿ ನಿಲ್ಲಿಸಿದೆ. ನಮ್ಮೂರು ತೀರ್ಥಹಳ್ಳಿಯ ರಾಮತೀರ್ಥದ ಬಂಡೆಗಳ ನಡುವೆ ಕಾಲಿಗೆ ತಣ್ಣಗೆ ತಾಕಿ ಹೋಗುವ ತುಂಗೆ, ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಇಲ್ಲಿ ಕಡಲಿನಷ್ಟು ಅಗಲಕ್ಕೆ ನಿಂತಿದ್ದಾಳೆ. ಊರಿನ ಮಳೆ ಇಷ್ಟು ದೂರ ಬಂದು ಇನ್ಯಾರದೋ ಗದ್ದೆಗೆ ನೀರಾಗುವುದನ್ನು ಕಣ್ಣಾರೆ ಕಂಡಾಗ ಮನಸ್ಸು ತುಂಬಿತು. ಆದರೆ ಚಹಾದ ದುಡ್ಡು ಕೊಡಲು ಜೇಬಿಗೆ ಕೈ ಹಾಕಿದರೆ ನಾಣ್ಯ ಬೆರಳಿಗೆ ತಿಳಿಯಲಿಲ್ಲ. ಐದು ರೂಪಾಯಿಯೋ ಹತ್ತು ರೂಪಾಯಿಯೋ ಅಂಗೈ ಮೇಲಿಟ್ಟು ನೋಡಿ ಹೇಳಬೇಕಾಯಿತು. ಮುಂದಿನ ದಾರಿ ಇನ್ನೂ ಬಹಳವಿತ್ತು.

ಕುಷ್ಟಗಿಯಲ್ಲಿ ಸಂಜೆ ಬುಲೆಟ್ ಕೆಲಸ ಮಾಡುವ ಹಿರಿಯ ಮಿಸ್ತ್ರಿಯೊಬ್ಬರು ಸಿಕ್ಕರು. ರಸ್ತೆ ಬದಿಯ ಸಣ್ಣ ಅಂಗಡಿ, ಗೋಡೆಗೆ ಸಾಲಾಗಿ ತೂಗುಹಾಕಿದ ಸ್ಪ್ಯಾನರುಗಳು, ಡೀಸೆಲ್ಲಿನಲ್ಲಿ ಚೈನು ತೊಳೆಯುತ್ತಿದ್ದ ಹುಡುಗ. ಹುಡುಗ ಅವರನ್ನು ಚಾಚಾ ಎಂದು ಕರೆಯುತ್ತಿದ್ದ. ನಾನೂ ಹಾಗೇ ಕರೆದೆ. ಗಾಡಿ ಬಹಳ ಅದುರುತ್ತದೆ ಎಂದದ್ದಕ್ಕೆ ಅವರು ಗಾಡಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

‘ಎಲ್ಲಿ ನಡಗತೈತಿ ಹೇಳ್ರಿ. ಕೈಯಾಗೋ, ಕಾಲಾಗೋ, ಕುಂತ ಜಾಗಾದಾಗೋ?’

‘ಮೂರೂ ಕಡೆ ಚಾಚಾ. ಕೈಯಲ್ಲಿ ಹೆಚ್ಚು.’

‘ಎಷ್ಟರಾಗ?’

‘ಎಂಬತ್ತರಲ್ಲಿ.’

‘ನಡೀರಿ, ನಾ ಹಿಂದ ಕುಂಡ್ರತೀನಿ. ಎಂಬತ್ತಕ್ಕ ಒಯ್ದು ಕ್ಲಚ್ ಹಿಡೀರಿ. ನಡುಕ ನಿಂತ್ರ ಅದು ಇಂಜಿನ್ದು. ನಿಲ್ಲದಿದ್ರ ಗಾಲಿದು, ಇಲ್ಲಾ ಚೈನಿಂದು.’

ಹೆದ್ದಾರಿಯಲ್ಲಿ ಅವರು ಹೇಳಿದಂತೆ ಮಾಡಿದೆ. ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಟ್ಟದ್ದೇ ಹ್ಯಾಂಡಲ್ಲಿನ ಝೇಂಕಾರ ಸತ್ತಿತು. ಆದರೆ ಸೀಟಿನ ಕೆಳಗಿನಿಂದ ಏನೋ ಒಂದು ತಾಳ ತಪ್ಪದೆ ಎಳೆದೆಳೆದು ಬಿಡುವುದು ಹಾಗೇ ಉಳಿಯಿತು, ಗಾಡಿ ನಿಧಾನವಾದಂತೆ ಅದೂ ನಿಧಾನವಾಯಿತು. ಹಿಂದಿನಿಂದ ಚಾಚಾ ಭುಜ ತಟ್ಟಿದರು. ಇಷ್ಟು ಹೊತ್ತು ನಾನು ಒಂದೇ ಎಂದುಕೊಂಡಿದ್ದ ಅದುರು ಎರಡಾಗಿ ಬೇರ್ಪಟ್ಟಿತ್ತು. ಒಂದು ಇಂಜಿನ್ನಿನ ಸುತ್ತಿಗೆ ಸೇರಿದ್ದು, ಇನ್ನೊಂದು ಚಕ್ರದ ಸುತ್ತಿಗೆ ಸೇರಿದ್ದು. ಅದಕ್ಕೆ ಬೇಕಾದದ್ದು ಯಾವ ಉಪಕರಣವೂ ಅಲ್ಲ, ಕ್ಲಚ್ಚಿನ ಮೇಲೆ ನಾಲ್ಕು ಬೆರಳು ಮಾತ್ರ.

ಅಂಗಡಿಗೆ ಬಂದು ಮಧ್ಯದ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತಿರುಗಿಸಿದರು. ಚೈನು ಒಂದು ಕಡೆ ಜೋತು ಇನ್ನೊಂದು ಕಡೆ ಬಿಗಿಯುತ್ತಿತ್ತು. ಹಬ್ಬಿನೊಳಗಿನ ಕಪ್ಲಿಂಗ್ ರಬ್ಬರುಗಳು ಕಲ್ಲಿನಂತಾಗಿ ಚಪ್ಪಟೆಯಾಗಿದ್ದವು. ಇಂಜಿನ್ ಚಕ್ರವನ್ನು ಎಳೆಯುವ ಪ್ರತಿ ಎಳೆತವನ್ನೂ ನುಂಗಿಕೊಳ್ಳಬೇಕಾದವು ಅವು. ಆಮೇಲೆ ಟಾರ್ಚ್ ಹಿಡಿದು ಇಂಜಿನ್ನಿನ ಕೆಳಗೆ ಬಗ್ಗಿದರು. ಇಂಜಿನ್ನನ್ನು ಫ್ರೇಮಿಗೆ ಕಚ್ಚಿಸುವ ಫೌಂಡೇಶನ್ ಬೋಲ್ಟುಗಳಲ್ಲಿ ಒಂದರ ಸುತ್ತ ಸಣ್ಣಗೆ ಕೆಂಪು ಹುಡಿ ಕೂತಿತ್ತು. ಅದನ್ನು ಬೆರಳ ತುದಿಗೆ ಒತ್ತಿಕೊಂಡು ನನಗೆ ತೋರಿಸಿದರು.

‘ಕಬ್ಬಿಣ ಕಬ್ಬಿಣಕ್ಕ ತಿಕ್ಕಿದಾಗ ಈ ಹುಡಿ ಬರತೈತ್ರಿ. ಬೋಲ್ಟ್ ಬಿಗಿ ಐತಿ ಅಂತ ಕಾಣತೈತಿ. ಹುಡಿ ಸುಳ್ಳು ಹೇಳೂದಿಲ್ಲ.’

ಒಮ್ಮೆಗೇ ಆ ಬೋಲ್ಟನ್ನು ಬಿಗಿಯಲಿಲ್ಲ ಅವರು. ಎಲ್ಲ ಬೋಲ್ಟುಗಳನ್ನೂ ಸಡಿಲಿಸಿದರು, ಇಂಜಿನ್ ತನ್ನ ಜಾಗದಲ್ಲಿ ತಾನೇ ಕೂರಲು ಬಿಟ್ಟರು. ಪ್ಲೇಟಿಗೂ ಇಂಜಿನ್ನಿಗೂ ನಡುವೆ ಉಳಿದ ಕೂದಲೆಳೆಯ ಸಂದಿಗೆ ತೆಳುವಾದ ತಗಡಿನ ವಾಷರ್ ಕತ್ತರಿಸಿ ಕೂರಿಸಿದರು. ಸಂದಿ ಇದ್ದಂತೆಯೇ ಬಿಗಿದರೆ ಪ್ಲೇಟು ಬಾಗಿ ಸದಾ ಬಿಲ್ಲಿನಂತೆ ಸೆಟೆದಿರುತ್ತದೆ, ಬೋಲ್ಟು ಮತ್ತೆ ಸಡಿಲಾಗುತ್ತದೆ ಎಂದರು. ನಂತರ ಒಂದೊಂದನ್ನೇ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ ಸುತ್ತು ಬಂದರು. ಹುಡುಗ ಹೊಸ ಚೈನು, ಹೊಸ ರಬ್ಬರು ಹಾಕಿದ. ಕತ್ತಲಾಗುತ್ತಿತ್ತು.

ಮತ್ತೊಂದು ಸುತ್ತು ಹೋಗಿ ಬಂದೆವು. ಸೀಟಿನ ಎಳೆತ ಮಾಯವಾಗಿತ್ತು, ಕಾಲಿನ ಉರಿ ಇಳಿದಿತ್ತು. ಎಂಬತ್ತರಲ್ಲಿ ಹ್ಯಾಂಡಲ್ ಮಾತ್ರ ಇನ್ನೂ ಝೇಂಕರಿಸುತ್ತಿತ್ತು, ಮೊದಲಿಗಿಂತ ಕಡಿಮೆ, ಆದರೂ ಇತ್ತು.

‘ಇನ್ನ ಉಳದದ್ದು ಅದರ ಸ್ವಭಾವರಿ,’ ಎಂದರು ಚಾಚಾ. ‘ತಕರಾರು ಇದ್ರ ನಾ ತೆಗದೇನು. ಸ್ವಭಾವ ತೆಗಿಯಾಕ ಬರೂದಿಲ್ಲ. ಎಪ್ಪತ್ತರ ಒಳಗ ಇಡ್ರಿ, ಅದೂ ಆರಾಮ, ನೀವೂ ಆರಾಮ.’

ಆ ಮಾತಿನ ಹಿಂದಿನ ಲೆಕ್ಕ ಕಟುವಾದದ್ದು. ಪಿಸ್ಟನ್ ಮೇಲಿನ ತುದಿಯಲ್ಲಿ ಒಮ್ಮೆ, ಕೆಳಗಿನ ತುದಿಯಲ್ಲಿ ಒಮ್ಮೆ ಪೂರ್ತಿ ನಿಂತು ದಿಕ್ಕು ಬದಲಿಸುತ್ತದೆ. ಹಾಗೆ ನಿಲ್ಲಿಸಿ ತಿರುಗಿಸುವ ಬಲವೇ ಇಂಜಿನ್ನನ್ನು, ಅದರ ಮೂಲಕ ಫ್ರೇಮನ್ನು ಅಲುಗಿಸುತ್ತದೆ. ಕ್ರ್ಯಾಂಕಿಗೆ ಎದುರು ತೂಕ ಕೊಟ್ಟು ಅದನ್ನು ಸರಿದೂಗಿಸಬಹುದು, ಆದರೆ ಪೂರ್ತಿ ಅಲ್ಲ. ತೂಕ ಹೆಚ್ಚಿಸಿದಷ್ಟೂ ಮೇಲೆ ಕೆಳಗಿನ ಕುಲುಕು ಇಳಿದು ಹಿಂದೆ ಮುಂದಿನ ಕುಲುಕು ಏರುತ್ತದೆ. ಹಾಗಾಗಿ ಒಂಟಿ ಸಿಲಿಂಡರಿನ ಇಂಜಿನ್ನು ಕಟ್ಟುವವರು ಸಾಮಾನ್ಯವಾಗಿ ಅರ್ಧದ ಆಸುಪಾಸಿನಲ್ಲಿ ರಾಜಿಯಾಗುತ್ತಾರೆ, ಉಳಿದದ್ದು ಸವಾರನ ಪಾಲಿಗೆ. ಮೇಲಾಗಿ ಆ ಬಲ ಇಂಜಿನ್ ವೇಗದ ವರ್ಗದಂತೆ ಏರುತ್ತದೆ. ಒಂದೇ ಗೇರಿನಲ್ಲಿ ಅರವತ್ತರಿಂದ ತೊಂಬತ್ತಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಅದುರಿನ ಬಲ ಎರಡೂಕಾಲು ಪಟ್ಟು. ಕ್ರ್ಯಾಂಕಿನ ಎದುರು ದಿಕ್ಕಿಗೆ ತಿರುಗುತ್ತ ಆ ಉಳಿದ ಕುಲುಕನ್ನು ಅಳಿಸುವ ಬ್ಯಾಲೆನ್ಸರ್ ಶಾಫ್ಟ್ ಥಂಡರ್‌ಬರ್ಡಿನ ಉತ್ತರಾಧಿಕಾರಿಗೆ, ಅಂದರೆ 2020ರಲ್ಲಿ ಬಂದ ಮೀಟಿಯರ್ 350ಕ್ಕೆ ಸಿಕ್ಕಿತು. ನನ್ನ ಗಾಡಿಗೆ ಅದಿಲ್ಲ, ಹಾಕಿಸಲೂ ಬರುವುದಿಲ್ಲ. ಉಳಿದದ್ದು ವೇಗದ ಆಯ್ಕೆ ಮತ್ತು ಹಿಡಿತದ ಆಯ್ಕೆ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದಷ್ಟೂ ಅದುರು ತೋಳಿಗೆ ಹೆಚ್ಚು ದಾಟುತ್ತದೆ. ದಪ್ಪ ಸ್ಪಂಜಿನ ಗ್ರಿಪ್ಪು ಹಾಕಿದರೆ ಹಿಡಿಯಲು ಇನ್ನಷ್ಟು ಬಿಗಿ ಬೇಕಾಗುತ್ತದೆ. ನಿಮಿಷಕ್ಕೆ 3,000 ಸುತ್ತಿನ ಇಂಜಿನ್ ಸೆಕೆಂಡಿಗೆ 50 ಸಲ ಅದುರುತ್ತದೆ. ಅಷ್ಟು ನಿಧಾನದ ಅದುರನ್ನು ಅಂಗೈಗೆ ಮೆತ್ತೆ ಇರುವ ಗ್ಲೌಸೂ ಹೆಚ್ಚೇನೂ ತಡೆಯುವುದಿಲ್ಲ. ಸಡಿಲ ಕೈಯೇ ಒಳ್ಳೆಯ ಮದ್ದು.

ಅಲ್ಲಿಂದ ಇಳಕಲ್ಲಿಗೆ ಅರವತ್ತೈದರಲ್ಲಿ ಹೋದೆ. ಲಾರಿಗಳು ದಾಟಿ ಹೋದವು, ಹೋಗಲಿ ಬಿಟ್ಟೆ. ಬಡಿತ ಮತ್ತೆ ಒಂದೊಂದಾಗಿ ಕೇಳುತ್ತಿತ್ತು. ರಾತ್ರಿ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಬದನೆ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಎಡೆಬಿಡದೆ ಬರುತ್ತಿತ್ತು. ನಮ್ಮ ಅಕ್ಕಿರೊಟ್ಟಿ ಬೇಯಿಸಿದ ಹಿಟ್ಟಿನದು, ಲಟ್ಟಣಿಗೆಗೆ ಒಲಿಯುವಂಥದು. ಜೋಳದ ಹಿಟ್ಟಿಗೆ ಆ ಜಿಗುಟಿಲ್ಲ. ಅಂಗೈಯ ಪೆಟ್ಟಿನಿಂದಲೇ ಅದು ಅಗಲವಾಗಬೇಕು, ಎಲ್ಲಿ ದಪ್ಪ ಎಲ್ಲಿ ತೆಳು ಎಂಬುದನ್ನು ಬೆರಳೇ ತಿಳಿಯಬೇಕು. ಆ ಸದ್ದು ಕೇಳುತ್ತ ಉಣ್ಣುವಾಗ ತುತ್ತು ಮುರಿಯುವ ನನ್ನ ಬೆರಳುಗಳಿಗೆ ಬಿಸಿ ನಿಧಾನವಾಗಿ ತಿಳಿಯತೊಡಗಿತು.

ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಕಲ್ಲಿನ ಕ್ವಾರಿಗೆ ಹೊರಟವರ ಗುಂಪಿತ್ತು. ಇಳಕಲ್, ಕುಷ್ಟಗಿ ಸೀಮೆಯ ಕೆಂಪು ಗ್ರಾನೈಟಿಗೆ ದೂರದೂರದಲ್ಲಿ ಬೆಲೆಯಿದೆ. ದೊಡ್ಡ ಕಟ್ಟಡಗಳ ನೆಲಕ್ಕೆ, ಗೋಡೆಗೆ ಹೊಳಪು ಹಾಕಿ ಕೂರಿಸುವ ಕಲ್ಲು ಅದು. ನಾನು ಕೈಗಳನ್ನು ಒದರಿ ಬೆರಳು ಮಡಚುತ್ತ ಬಿಡಿಸುತ್ತ ನಿಂತಿದ್ದೆ. ನಲವತ್ತು ದಾಟಿದವರೊಬ್ಬರು ಎರಡೂ ಅಂಗೈಗಳ ನಡುವೆ ಚಹಾದ ಗ್ಲಾಸು ಹಿಡಿದು ನನ್ನನ್ನೇ ನೋಡುತ್ತಿದ್ದರು.

‘ಗಾಡಿ ಹೊಡದು ಕೈ ಜೋಮು ಹಿಡದಾವೇನ್ರಿ?’

‘ಹೌದು. ನಿನ್ನೆ ಬಹಳ ಇತ್ತು, ಇವತ್ತು ಕಡಿಮೆ.’

‘ನಿಮ್ಮವು ನಾಳೆಗೆ ಸರಿ ಹೋಗ್ತಾವ ಬಿಡ್ರಿ. ನಮ್ಮವು ಹೋಗೂದಿಲ್ಲ.’

ಅವರು ಕ್ವಾರಿಯಲ್ಲಿ ಜಾಕ್ ಹ್ಯಾಮರ್ ಹಿಡಿಯುವವರು. ಕಂಪ್ರೆಸರಿನ ಗಾಳಿಯಿಂದ ನಡೆಯುವ ಡ್ರಿಲ್ಲನ್ನು ಬಂಡೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಮೈಭಾರ ಹಾಕಿ ಒತ್ತಿ ಹಿಡಿದು ಸಾಲಾಗಿ ತೂತು ಕೊರೆಯುವ ಕೆಲಸ. ಹದಿಹರೆಯದಲ್ಲಿ ಹಿಡಿದ ಡ್ರಿಲ್ಲು. ಮೊದಮೊದಲು ಸಂಜೆಗೆ ಕೈ ಜುಮ್ಮೆನ್ನುತ್ತಿತ್ತು, ಉಂಡು ಮಲಗಿದರೆ ಹೋಗುತ್ತಿತ್ತು. ಆಮೇಲೆ ಬೆಳಗಿನವರೆಗೂ ಉಳಿಯತೊಡಗಿತು. ಈಗ ಸದಾ ಇದೆ.

‘ಮುಂಜಾನಿ ಅಂಗಿ ಗುಂಡಿ ಹಾಕ್ಕೊಳ್ಳಾಕ ಬರೂದಿಲ್ರಿ. ಮನ್ಯಾಗ ಆಕಿನ ಹಾಕ್ತಾಳ.’

‘ಡಾಕ್ಟರಿಗೆ ತೋರಿಸಿದ್ರಾ?’

‘ತೋರಿಸೀನ್ರಿ. ಶಕ್ತಿ ಗುಳಿಗಿ ಕೊಟ್ರು.’

‘ಬೇರೆ ಕೆಲಸಕ್ಕೆ ಹೋಗಲಿಕ್ಕೆ ಆಗುವುದಿಲ್ವಾ?’

‘ಡ್ರಿಲ್ ಹೊಡಿಯಾವ್ಗ ಪಗಾರ ಜಾಸ್ತಿರಿ. ಬಿಟ್ರ ಮನಿ ನಡಿಯೂದಿಲ್ಲ.’

ಇಳಕಲ್ ಸೀರೆ ನೇಯುವುದನ್ನು ನೋಡುವ ಆಸೆಯಿದೆ ಎಂದಾಗ, ನಮ್ಮ ಮನೆಯಲ್ಲೇ ಮಗ್ಗ ಇದೆ, ಇವತ್ತು ಕೆಲಸಕ್ಕೆ ಹೋಗುವುದು ತಡ ಇದೆ, ಬನ್ನಿ ಎಂದು ಕರೆದೊಯ್ದರು. ಸಣ್ಣ ಓಣಿ, ಸಾಲು ಮನೆಗಳು, ಒಳಗಿನಿಂದ ಲಾಳಿ ಓಡುವ ಸದ್ದು. ಅವರ ಹೆಂಡತಿ ‘ಬರ್ರಿ ಅಣ್ಣಾರ, ಕುಂಡ್ರಿ’ ಎಂದು ಚಾಪೆ ಹಾಸಿ ಮತ್ತೆ ಕುಣಿಮಗ್ಗದ ಬಳಿ ಹೋದರು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ನೇಯ್ಗೆ ದಾಟುವುದು. ಆಕೆ ಆ ಕೊಂಡಿ ಹಾಕುತ್ತಿದ್ದರು. ಕೂದಲಿನಷ್ಟು ತೆಳ್ಳಗಿನ ಎಳೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಇನ್ನೊಂದರ ಕುಣಿಕೆಯೊಳಗೆ ತೂರಿಸಿ, ಮುಂದಿನದಕ್ಕೆ ಹೋಗುವರು. ಕಣ್ಣು ಎಳೆಯ ಮೇಲಿದ್ದರೂ ಕೆಲಸ ಬೆರಳಿನ ತುದಿಯ ಅರಿವಿನಿಂದಲೇ ನಡೆಯುತ್ತಿತ್ತು. ಒಂದು ಎಳೆ ತಪ್ಪಿದರೂ ಬೆರಳಿಗೆ ತಿಳಿಯುತ್ತದಂತೆ.

ಗಂಡ ಬಾಗಿಲ ಬಳಿ ಕೂತು ಅದನ್ನೇ ನೋಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ತಾವೂ ಕೊಂಡಿ ಹಾಕಲು ಕೂರುತ್ತಿದ್ದುದಾಗಿ ಹೇಳಿದರು. ಈಗ ಎಳೆ ಬೆರಳಿಗೆ ತಾಕುವುದೇ ಇಲ್ಲ. ಒಂದೇ ಮನೆಯಲ್ಲಿ ಒಬ್ಬರ ಬೆರಳು ದಿನವಿಡೀ ಸೂಕ್ಷ್ಮವಾಗುತ್ತಿತ್ತು, ಇನ್ನೊಬ್ಬರದು ದಿನವಿಡೀ ಮಂಕಾಗುತ್ತಿತ್ತು. ಹೊರಡುವಾಗ ಆಕೆ ನಾಲ್ಕು ಖಡಕ್ ರೊಟ್ಟಿ, ಒಂದಿಷ್ಟು ಚಟ್ನಿಪುಡಿ ಕಟ್ಟಿಕೊಟ್ಟರು. ಗಂಡ ಕೈಮುಗಿದು ಬೀಳ್ಕೊಟ್ಟರು.

ಹುನಗುಂದದಾಚೆ ರಸ್ತೆ ಬದಿಯ ಹೊಲದಲ್ಲಿ ಹೊಗೆ ಕಂಡು ನಿಲ್ಲಿಸಿದೆ. ಹಾಲುದುಂಬಿದ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ಸೀತನಿ ಮಾಡುತ್ತಿದ್ದರು. ನೋಡುತ್ತ ನಿಂತವನನ್ನು ಸುಮ್ಮನೆ ಬಿಡುವ ಸೀಮೆಯಲ್ಲ ಅದು. ಹಿರಿಯರೊಬ್ಬರು ಬಿಸಿ ತೆನೆಯನ್ನು ಎರಡೂ ಅಂಗೈಗಳಲ್ಲಿ ಉಜ್ಜಿ, ತೂರಿ, ಹಸಿರು ಕಾಳನ್ನು ನನ್ನ ಬೊಗಸೆಗೆ ಸುರಿದರು, ಮೇಲೆ ಬೆಲ್ಲ, ಶೇಂಗಾ ಚಟ್ನಿ. ಎಳೆಕಾಳಿನ ಸಿಹಿ, ಹೊಗೆಯ ಘಮ, ಎರೆಮಣ್ಣಿನ ತಂಪು. ನಮ್ಮಲ್ಲಿ ಭತ್ತವನ್ನು ಹೀಗೆ ಹೊಲದಲ್ಲೇ ಕೂತು ಹಂಚಿ ತಿನ್ನುವ ರೂಢಿಯಿಲ್ಲ. ಗದ್ದೆಯ ಬೆಳೆ ಅಂಗಳಕ್ಕೆ ಬಂದ ಮೇಲೆಯೇ ಅನ್ನವಾಗುತ್ತದೆ. ದಾರಿಹೋಕನಿಗೂ ಫಸಲಿನಲ್ಲಿ ಪಾಲು ಕೊಡುವ ಈ ಬಯಲಿನ ಔದಾರ್ಯ ಹೊಟ್ಟೆಗಿಂತ ಮುಂಚೆ ಎದೆಗೆ ತಲುಪಿತು.

ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ಬಸವಣ್ಣನವರ ಐಕ್ಯಸ್ಥಳ ಈಗ ಹಿನ್ನೀರಿನ ನಡುವೆ ಬಾವಿಯಂಥ ಗೋಡೆಯೊಳಗಿದೆ, ಮೆಟ್ಟಿಲಿಳಿದು ಹೋಗಬೇಕು. ಅಲ್ಲಿ ಕೂತಾಗ ಶರಣರ ಹೆಸರುಗಳು ನೆನಪಾದವು. ಜೇಡರ ದಾಸಿಮಯ್ಯ ನೇಯ್ದವರು, ನುಲಿಯ ಚಂದಯ್ಯ ಹಗ್ಗ ಹೊಸೆದವರು, ಅಂಬಿಗರ ಚೌಡಯ್ಯ ಹುಟ್ಟು ಹಾಕಿದವರು, ಮೋಳಿಗೆಯ ಮಾರಯ್ಯ ಕಟ್ಟಿಗೆ ಹೊತ್ತವರು. ಕೈಯ ಕೆಲಸವೇ ಹೆಸರಿನ ಭಾಗವಾದ ಅಂಥ ಗೌರವ ಈ ಮಣ್ಣಿನಲ್ಲಿ 12ನೆಯ ಶತಮಾನದಲ್ಲೇ ಇತ್ತು. ಕಾಯಕವನ್ನು ಅಷ್ಟು ಎತ್ತರಕ್ಕೆ ಏರಿಸಿದ ನಾಡಿನಲ್ಲಿ ಕಾಯಕ ಮಾಡುವ ಕೈಯನ್ನು ಕಾಯುವುದು ಯಾರ ಹೊಣೆ ಎಂಬ ಪ್ರಶ್ನೆ ಅಲ್ಲಿಂದ ನನ್ನ ಜೊತೆ ಹೊರಟಿತು.

ವಿಜಯಪುರದ ಗೋಳಗುಮ್ಮಟ ಎಣಿಸಿದ್ದಕ್ಕಿಂತ ದೊಡ್ಡದು. ಮಹಮ್ಮದ್ ಆದಿಲ್ ಶಾಹನ ಸಮಾಧಿ. ಆತ ತೀರಿಕೊಂಡದ್ದು 1656ರಲ್ಲಿ. ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಕಿವಿಯಿಟ್ಟರೆ, ಸುಮಾರು 38 ಮೀಟರ್ ಆಚೆ ಎದುರು ಬದಿಯಲ್ಲಿ ಮಗುವೊಂದು ತಾಯಿಗೆ ಹೇಳಿದ ಮಾತು ನನ್ನ ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟವಾಗಿ ಬಂತು. ಸದ್ದೂ ಅದುರೇ. ಅದನ್ನು ಚೆದುರಗೊಡದೆ ಗೋಡೆಯ ಗುಂಟ ಸಾಗಿಸುವ ಆಕಾರವನ್ನು ಆ ಕಾಲದ ಗಾರೆಯವರು ಕಟ್ಟಿದ್ದಾರೆ. ಅಷ್ಟು ಕ್ಷೀಣವಾದದ್ದು ಅಷ್ಟು ದೂರ ತಲುಪುವಾಗ, ಇಳಕಲ್ಲಿನ ಬೆರಳುಗಳ ಸಂಕಟ ಪಕ್ಕದ ಊರಿನವರಿಗೂ ಕೇಳಿಸದೆ ಉಳಿದದ್ದು ನನ್ನನ್ನು ಚುಚ್ಚಿತು.

ಊರಿಗೆ ಬಂದ ಮೇಲೆ ಅದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಆ ಸಂಕಟ ವೈದ್ಯಲೋಕಕ್ಕೆ ಹೊಸದಲ್ಲ. ಗಾಳಿಯ ಡ್ರಿಲ್ ಹಿಡಿದವರ ಬೆರಳುಗಳ ಬಗ್ಗೆ ಇಟಲಿಯ ವೈದ್ಯ ಲೊರಿಗಾ 1911ರಲ್ಲೇ ಬರೆದಿದ್ದರು. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾ ರಾಜ್ಯದ ಬೆಡ್‌ಫರ್ಡಿನ ಸುಣ್ಣಕಲ್ಲು ಕಡಿಯುವವರ ಕೈಗಳನ್ನು ಪರೀಕ್ಷಿಸಿ, ಚಳಿಯಲ್ಲಿ ಬೆಳ್ಳಗಾಗಿ ಮರಗಟ್ಟುವ ಬೆರಳುಗಳಿಗೆ ಅವರು ಹಿಡಿಯುವ ಉಪಕರಣದ ಅದುರೇ ಕಾರಣ ಎಂದು ತೋರಿಸಿದರು. ಬೆರಳಿನ ಸಣ್ಣ ರಕ್ತನಾಳಗಳು, ನರಗಳು ವರ್ಷಗಳ ಅದುರಿನಿಂದ ಕೆಡುತ್ತವೆ. ನಮ್ಮಂಥ ಬಿಸಿ ನಾಡುಗಳಲ್ಲಿ ಬೆರಳು ಬೆಳ್ಳಗಾಗುವುದು ಅಪರೂಪ. ಜೋಮು, ಸ್ಪರ್ಶ ತಿಳಿಯದಿರುವುದು, ಹಿಡಿತ ಸೋಲುವುದು ಹೆಚ್ಚು. ಕಣ್ಣಿಗೆ ಕಾಣುವ ಗುರುತಿಲ್ಲದ್ದರಿಂದ ಶಕ್ತಿ ಗುಳಿಗೆಯೇ ಚಿಕಿತ್ಸೆಯಾಗಿಬಿಡುತ್ತದೆ.

ಯುರೋಪಿನ ಒಕ್ಕೂಟ 2002ರಲ್ಲಿ ಇದಕ್ಕೆ ಮಿತಿ ಹಾಕಿತು. ಎಂಟು ಗಂಟೆಯ ದುಡಿಮೆಗೆ ಲೆಕ್ಕ ಹಾಕಿ, ಕೈಗೆ ದಾಟುವ ಅದುರು ಸೆಕೆಂಡಿನ ವರ್ಗಕ್ಕೆ 2.5 ಮೀಟರ್ ಮುಟ್ಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 5 ಮೀಟರ್ ದಾಟಲೇಬಾರದು. ಇಲ್ಲೂ ಅದೇ ವರ್ಗದ ಲೆಕ್ಕ. ಉಪಕರಣದ ಅದುರು 10 ಆದರೆ ದಿನಕ್ಕೆ ಎರಡು ಗಂಟೆಯಲ್ಲೇ ಮಿತಿ ಮುಗಿಯುತ್ತದೆ, 20 ಆದರೆ ಅರ್ಧ ಗಂಟೆಯಲ್ಲಿ. ಕಲ್ಲು ಕೊರೆಯುವ ಡ್ರಿಲ್ಲು ಹತ್ತನ್ನು ಸುಲಭವಾಗಿ ದಾಟುತ್ತದೆ. 2021ರಲ್ಲಿ ಆಪಲ್ ಕಂಪನಿ, ಮೋಟಾರ್‌ಸೈಕಲ್ಲಿನ ಬಲವಾದ ಇಂಜಿನ್ ಅದುರಿಗೆ ಐಫೋನಿನ ಕ್ಯಾಮೆರಾ ಕೆಡಬಹುದು, ಹ್ಯಾಂಡಲ್ಲಿಗೆ ನೇರವಾಗಿ ಸಿಕ್ಕಿಸಬೇಡಿ ಎಂದು ಗ್ರಾಹಕರನ್ನು ಎಚ್ಚರಿಸಿತ್ತು. ಒಳ್ಳೆಯ ಎಚ್ಚರಿಕೆ ಅದು. ಕ್ಯಾಮೆರಾಕ್ಕೆ ಸಿಕ್ಕ ಅಷ್ಟು ಎಚ್ಚರಿಕೆ ಇಳಕಲ್ಲಿನ ಆ ಕೈಗಳಿಗೆ ಯಾರಿಂದಲೂ ಸಿಕ್ಕಿರಲಿಲ್ಲ.

ಕೈಗಳನ್ನು ನೋಡುವ ಕಣ್ಣು ಬಂದ ಮೇಲೆ ಊರಿನಲ್ಲೂ ಅವು ಕಂಡವು. ಕತ್ತಿ ಹಿಡಿದು ಹುಲ್ಲು ಕೊಯ್ಯುವವರ ಜಾಗಕ್ಕೆ ನಮ್ಮ ಅಡಿಕೆ ತೋಟಗಳಲ್ಲಿ ವೀಡ್ ಕಟ್ಟರ್ ಬಂದಿದೆ. ಮಳೆಗಾಲ ಕಳೆದರೆ ತೋಟದಿಂದ ತೋಟಕ್ಕೆ ಅದರ ಸದ್ದು. ನಮ್ಮಲ್ಲಿಗೆ ಅದನ್ನು ಹಿಡಿದು ಬರುವವರನ್ನು ಕೇಳಿದೆ.

‘ರಾತ್ರಿ ಕೈ ಜುಂ ಅಂತದೆ ಮಾರಾಯ್ರೆ,’ ಎಂದರು. ‘ಅದು ಎಲ್ರಿಗೂ ಇರೂದೇ ಅಲ್ವಾ?’

ಹಾಗಲ್ಲ ಎಂದು ಹೇಳಿದೆ. ಯಂತ್ರ ಬಿಚ್ಚಿ ನೋಡಿದೆವು. ಹಿಡಿಕೆಗೂ ಇಂಜಿನ್ನಿಗೂ ನಡುವಿನ ರಬ್ಬರು ಸವೆದು ಹೋಗಿತ್ತು. ಕುಷ್ಟಗಿಯ ಚಾಚಾ ಆಗಿದ್ದರೆ ಇದನ್ನು ತಕರಾರು ಎಂದೇ ಕರೆಯುತ್ತಿದ್ದರು, ಸ್ವಭಾವ ಎಂದಲ್ಲ. ಹೊಸ ರಬ್ಬರು ಹಾಕಿಸಿದೆವು, ಬ್ಲೇಡಿನ ತೂಕ ಸರಿಮಾಡಿಸಿದೆವು. ಇನ್ನು ಮೇಲೆ ಯಂತ್ರ ಒಬ್ಬರ ಕೈಯಲ್ಲೇ ದಿನವಿಡೀ ಇರುವುದಿಲ್ಲ, ಗಂಟೆಗೊಮ್ಮೆ ಕೈ ಬದಲಾಗುತ್ತದೆ, ಕೂಲಿ ಇಬ್ಬರಿಗೂ ಪೂರ್ತಿ ಎಂದು ಗೊತ್ತುಮಾಡಿಕೊಂಡೆವು. ಅದರಿಂದ ತೋಟದ ಖರ್ಚು ಏರಿದೆ. ಏರಬೇಕಾದದ್ದೇ. ಈವರೆಗೆ ಆ ಖರ್ಚನ್ನು ಇನ್ನೊಬ್ಬರ ಬೆರಳುಗಳು ಭರಿಸುತ್ತಿದ್ದವು.

ಹಳೆಯ ಇಂಜಿನ್ನಿನ ಸ್ವಭಾವದ ಜೊತೆ ಬಾಳಲು ನಾನು ಒಪ್ಪಿದ್ದೇನೆ. ಎಪ್ಪತ್ತರ ಒಳಗೆ, ಸಡಿಲ ಕೈಯಲ್ಲಿ, ಬೇಕೆಂದಲ್ಲಿ ನಿಂತು ಅದು ನನ್ನನ್ನು ಇನ್ನೂ ಬಹಳ ದೂರ ಒಯ್ಯಲಿದೆ. ಬೇಕೆಂದಲ್ಲಿ ನಿಲ್ಲುವ ಆ ಅಧಿಕಾರ ನನಗಿರುವುದರಿಂದಲೇ ಅದುರು ನನಗೆ ಪ್ರಯಾಣದ ಒಂದು ಭಾಗ. ಕ್ವಾರಿಯಲ್ಲಿ ಡ್ರಿಲ್ಲು ಒತ್ತಿ ಹಿಡಿದವರಿಗೆ ಆ ಅಧಿಕಾರವಿಲ್ಲ, ಮತ್ತು ಅವರ ಅದುರಿನಲ್ಲಿ ಸ್ವಭಾವಕ್ಕಿಂತ ತಕರಾರೇ ಹೆಚ್ಚು: ಅದುರು ತಡೆಯುವ ಹಿಡಿಕೆಗಳಿವೆ, ಡ್ರಿಲ್ಲನ್ನು ತಾವೇ ಹೊರುವ ಯಂತ್ರಗಳಿವೆ, ಗಂಟೆಗೊಮ್ಮೆ ಕೈ ಬದಲಿಸಲು ಯಂತ್ರವೂ ಬೇಕಿಲ್ಲ. ತೆಗೆಯಲು ಬರುವ ನಡುಕವನ್ನು ಹಣೆಬರಹವೆಂದು ಅವರಿಗೆ ಒಪ್ಪಿಸಬಾರದು. ಕೆಂಪು ಗ್ರಾನೈಟನ್ನು ನೆಲಕ್ಕೆ ಹಾಸಿಕೊಳ್ಳುವ ನಾವು, ಅದನ್ನು ಕೊರೆದವರು ತಮ್ಮ ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಳ್ಳುವಂತಿರಬೇಕು ಎಂದು ಕೇಳಬೇಕು, ಅದಕ್ಕೆ ತಗಲುವ ಬೆಲೆಯನ್ನು ಕಲ್ಲಿನ ಬೆಲೆಯಲ್ಲಿ ಸೇರಿಸಿ ಕೊಡಬೇಕು.